ಕರೆಂಟ್ ಬಂದಾಗ ರನ್ನಿಂಗ್ ಲೈಟ್ ನಡುವಿನಿಂದ ಶುರುವಾಗುತ್ತಿದೆಯಾ?
ದಸರಾಕ್ಕೆ ಸಿಡಿ4017ರಲ್ಲಿ (ಲೈಟ್‌ಗಳನ್ನು ಒಂದೊಂದಾಗಿ ಹೊತ್ತಿಸುವ ಕೌಂಟರ್ ಐಸಿ) ರನ್ನಿಂಗ್ ಲೈಟ್ ಮಾಡಿದವರು ಗಮನಿಸಿ. ಆನ್ ಮಾಡಿದಾಗ ಓಟ ಮೊದಲ ಎಲ್‌ಇಡಿ ಬಿಟ್ಟು ಎಲ್ಲೋ ನಡುವಿನಿಂದ ಶುರುವಾದರೆ ಸುಮ್ನೆ ಐಸಿ ಬದಲಾಯಿಸಬೇಡಿ. ಪ್ಲಗ್ ತೆಗೆದು, 15ನೇ ಪಿನ್ (ರೀಸೆಟ್) ನೇರವಾಗಿ ಗ್ರೌಂಡಿಗೆ ಹೋಗಿದ್ದರೆ ಬಿಡಿಸಿ. 15ರಿಂದ 16ಕ್ಕೆ (ಪ್ಲಸ್ ಸಪ್ಲೈ ಪಿನ್) 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಮೇಲೆ 104 ಅಂತ ಇರುತ್ತದೆ), 15ರಿಂದ ಗ್ರೌಂಡಿಗೆ 100 ಕಿಲೋ ಓಮ್ ರೆಸಿಸ್ಟರ್ (ಕಂದು, ಕಪ್ಪು, ಹಳದಿ) ಹಾಕಿ. ಕರೆಂಟ್ ಬಂದ ಕೂಡಲೇ ಖಾಲಿ ಕೆಪಾಸಿಟರ್ 15ನೇ ಪಿನ್ನಿನ ವೋಲ್ಟೇಜನ್ನೂ ಮೇಲಕ್ಕೆ ಎಳೆಯುತ್ತದೆ, ಕೌಂಟರ್ ರೀಸೆಟ್ ಆಗುತ್ತದೆ. ಕೆಲವೇ ಮಿಲಿಸೆಕೆಂಡಲ್ಲಿ ಕೆಪಾಸಿಟರ್ ತುಂಬಿ, ಪಿನ್ ಕೆಳಗಿಳಿದು ಎಣಿಕೆ ಶುರು. ಸಪ್ಲೈ ನಿಧಾನಕ್ಕೆ ಏರುವ ಅಡಾಪ್ಟರ್ ಆದರೆ ಇದು ಕೈಕೊಡುತ್ತದೆ. ಆಗ 1 ಮೈಕ್ರೋಫ್ಯಾರಡ್ ಹಾಕಿ ನೋಡಿ, ಪ್ಲಸ್ ಕಾಲು 16ರ ಕಡೆಗೆ. ಮಂಡ್ಯ ಕಡೆ ಮಳೆ ಬಂದಾಗ ಕರೆಂಟ್ ಹೋಗಿ ತಟ್ಟನೆ ಬರುತ್ತದಲ್ವಾ, ಅಷ್ಟರಲ್ಲಿ ಕೆಪಾಸಿಟರ್ ಖಾಲಿಯಾಗಿರುವುದಿಲ್ಲ. ಅದಕ್ಕೆ ರೆಸಿಸ್ಟರ್ ಮೇಲೆಯೇ ಒಂದು 1ಎನ್4148 ಡಯೋಡ್ ಕೂರಿಸಿ, ಗೆರೆ ಇರುವ ಕಾಲು 15ಕ್ಕೆ, ಇನ್ನೊಂದು ಗ್ರೌಂಡಿಗೆ. ಆರೇ ಲೈಟ್ ಸಾಕು ಅಂತ 15ನ್ನು ಬೇರೆ ಔಟ್‌ಪುಟ್‌ಗೆ ಕಟ್ಟಿದ್ದರೆ ಅಲ್ಲಿಯೂ ಡಯೋಡ್ ಬೇಕು, ಗೆರೆ 15ರ ಕಡೆಗೇ. ಇಲ್ಲದಿದ್ದರೆ ಆ ಔಟ್‌ಪುಟ್ 15ನೇ ಪಿನ್ನನ್ನು ಕೆಳಗೇ ಹಿಡಿದುಕೊಂಡಿರುತ್ತದೆ.