ಮನೆ ಪಕ್ಕದ ಕೌನ್ಸಿಲ್ ಜಾಗ ಬೇಕೆ? ಬೇಲಿ ಸರಿಸುವ ಮುಂಚೆ ಇಷ್ಟು ಮಾಡಿ

ಇಂಗ್ಲೆಂಡಿನಲ್ಲಿ ಮೂಲೆ ಮನೆ ಕೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ. ಬೇಲಿಯಾಚೆ ಫುಟ್‌ಪಾತಿನವರೆಗೆ ಒಂದೆರಡು ಮೀಟರ್ ಹುಲ್ಲು. ಅಲ್ಲಿ ಯಾರೂ ಕೂರುವುದಿಲ್ಲ. ಆಗಾಗ ಕೌನ್ಸಿಲ್‌ನವರು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವರು, ಬಂದು ಮಷಿನ್ ಓಡಿಸಿ ಹೋಗುತ್ತಾರೆ, ಅಷ್ಟೇ. ಸುಮ್ನೆ ಬಿದ್ದಿದೆಯಲ್ಲ, ಒಳಗೆ ಸೇರಿಸಿಕೊಂಡರೆ ಏನು?

ಸೇರಿಸಿಕೊಳ್ಳಬಹುದು, ಆದರೆ ಕೊಂಡುಕೊಂಡು. ಅದಕ್ಕೆ ಎರಡು ಒಪ್ಪಿಗೆ ಬೇಕು. ಜಾಗದ ಮಾಲೀಕನಾಗಿ ಕೌನ್ಸಿಲ್ ಕೊಡುವುದು ಒಂದು, ಜಾಗದ ಬಳಕೆ, ಕಟ್ಟಡಕ್ಕೆ ಅನುಮತಿ ಕೊಡುವ ಪ್ಲಾನಿಂಗ್ ವಿಭಾಗ ಕೊಡುವುದು ಇನ್ನೊಂದು. ಒಂದು ಸಿಕ್ಕಿದ ಮಾತ್ರಕ್ಕೆ ಇನ್ನೊಂದು ಸಿಗುವುದಿಲ್ಲ.

1. ಜಾಗ ಯಾರದ್ದೆಂದು ನೋಡಿ

ಜಾಗದ ಒಡೆತನ ನೋಂದಾಯಿಸುವ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ವೆಬ್‌ಸೈಟಿನಲ್ಲಿ ನಿಮ್ಮ ಮನೆಯದ್ದೂ ಆ ಹುಲ್ಲಿನ ಪಟ್ಟಿಯದ್ದೂ ದಾಖಲೆ ಮತ್ತು ನಕ್ಷೆ ತೆಗೆಸಿ. 2024ರ ಡಿಸೆಂಬರ್‌ನಲ್ಲಿ ಒಂದೊಂದು ಪ್ರತಿಯ ಶುಲ್ಕ 3 ಪೌಂಡ್‌ನಿಂದ 7 ಪೌಂಡ್‌ಗೆ ಏರಿದೆ. ಜಾಗ ಕೌನ್ಸಿಲ್‌ನದ್ದೇ ಆಗಿರಬೇಕೆಂದೇನಿಲ್ಲ, ಬಡಾವಣೆ ಕಟ್ಟಿದ ಬಿಲ್ಡರ್ ಹೆಸರಿನಲ್ಲೇ ಉಳಿದಿರಬಹುದು.

ನಕ್ಷೆಯ ಕೆಂಪು ಗೆರೆ ನೋಡಿ ಟೇಪು ಹಿಡಿಯಬೇಡಿ. ಊರೊಳಗೆ ಈ ನಕ್ಷೆ ಸಾಮಾನ್ಯವಾಗಿ 1:1250 ಅಳತೆಯದ್ದು. ಕಾಗದದ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 1.25 ಮೀಟರ್. ನೀವು ಕಣ್ಣಿಟ್ಟ ಪಟ್ಟಿಯ ಅರ್ಧ ಆ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಕಾನೂನು ಕೂಡ ಅದನ್ನು ಅಂದಾಜು ಗಡಿ ಅಂತಲೇ ಪರಿಗಣಿಸುತ್ತದೆ.

2. ಅದು ರಸ್ತೆಯ ಭಾಗವೇ?

ಜಾಸ್ತಿ ಜನ ಎಡವುವುದು ಇಲ್ಲೇ. ಕಾನೂನಿನ ಲೆಕ್ಕದಲ್ಲಿ ರಸ್ತೆ ಟಾರಿಗೇ ಮುಗಿಯುವುದಿಲ್ಲ. ಫುಟ್‌ಪಾತು, ಅದರ ಪಕ್ಕದ ಹುಲ್ಲು ಕೂಡ ಸೇರಿರಬಹುದು. ಊರಿನ ರಸ್ತೆಗಳನ್ನೂ ನೋಡಿಕೊಳ್ಳುವ ಹೈವೇ ವಿಭಾಗಕ್ಕೆ ಬರೆದು, ರಸ್ತೆ ಎಲ್ಲಿಯವರೆಗಿದೆ ಎಂದು ತೋರಿಸುವ ನಕ್ಷೆ ಕೇಳಿ. ಕೆಲವು ಕಡೆ ಪ್ಲಾನಿಂಗ್ ನೋಡುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ರಸ್ತೆ ನೋಡುವುದು ಕೌಂಟಿ ಕೌನ್ಸಿಲ್. ಒಬ್ಬರು ಹೂಂ ಅಂದದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ರಸ್ತೆಯ ಭಾಗವಾಗಿದ್ದರೆ, ದುಡ್ಡು ಕೊಟ್ಟು ಕೊಂಡರೂ ಅಲ್ಲಿ ಓಡಾಡುವ ಜನರ ಹಕ್ಕು ಹಾಗೇ ಉಳಿಯುತ್ತದೆ. ಬೇಲಿ ಹಾಕುವಂತಿಲ್ಲ. ಮೊದಲು ಆ ಹಕ್ಕನ್ನು ರದ್ದು ಮಾಡಿಸಬೇಕು. ಪ್ಲಾನಿಂಗ್ ಅನುಮತಿಯ ಬೆನ್ನಿಗೆ 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 247ನೇ ಕಲಮಿನಡಿ ಆದೇಶ ಪಡೆಯುವುದು ಒಂದು ದಾರಿ. 1980ರ ಹೈವೇಸ್ ಕಾಯ್ದೆಯ 116ನೇ ಕಲಮಿನಡಿ ರಸ್ತೆ ಪ್ರಾಧಿಕಾರವೇ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವುದು ಇನ್ನೊಂದು. ಎರಡೂ ನಿಧಾನದ ಕೆಲಸ.

‘ಹನ್ನೆರಡು ವರ್ಷ ಬೇಲಿ ಹಾಕಿಕೊಂಡಿರಿ, ನಿಮ್ದೇ ಆಗುತ್ತೆ’ ಎನ್ನುವವರು ಅಲ್ಲೂ ಇದ್ದಾರೆ. ನಮ್ಮೂರಿನ ಒತ್ತುವರಿ ತರ್ಕವೇ, ಅಲ್ವಾ? ನೋಂದಣಿಯಾಗದ ಜಾಗಕ್ಕೆ ಆ 12 ವರ್ಷದ ಮಾತು ಅನ್ವಯಿಸಬಹುದು. ನೋಂದಣಿಯಾದ ಜಾಗವಾದರೆ, 2002ರ ಲ್ಯಾಂಡ್ ರಿಜಿಸ್ಟ್ರೇಷನ್ ಕಾಯ್ದೆಯ ಪ್ರಕಾರ 10 ವರ್ಷದ ಮೇಲೆ ಅರ್ಜಿ ಹಾಕಬಹುದು. ಆದರೆ ಮಾಲೀಕರಿಗೆ ನೋಟಿಸ್ ಹೋಗುತ್ತದೆ, ಅವರು ತಕರಾರು ತೆಗೆದರೆ ಬಹುತೇಕ ಅಲ್ಲಿಗೇ ಮುಗಿಯಿತು. ರಸ್ತೆಯ ಭಾಗಕ್ಕಂತೂ ಈ ಆಟ ನಡೆಯುವುದೇ ಇಲ್ಲ.

3. ಕೌನ್ಸಿಲ್‌ಗೆ ಅರ್ಜಿ

ಆಸ್ತಿ ನೋಡಿಕೊಳ್ಳುವ ವಿಭಾಗಕ್ಕೆ ನಕ್ಷೆ, ಫೋಟೊ ಜೊತೆ ಬರೆಯಿರಿ. ಮೊದಲು ಹುಲ್ಲಿನ ಮೇಲೆ ಒಂದು ಸುತ್ತು ಹಾಕಿ. ಮ್ಯಾನ್‌ಹೋಲ್ ಮುಚ್ಚಳ, ದೀಪದ ಕಂಬ, ಟೆಲಿಫೋನ್ ಪೆಟ್ಟಿಗೆ ಕಂಡರೆ ಕೆಳಗೆ ಪೈಪು, ಕೇಬಲ್ ಇದೆ ಎಂದರ್ಥ. ಅಂಥ ಜಾಗ ಮಾರಲು ಕೌನ್ಸಿಲ್ ಹಿಂಜರಿಯುತ್ತದೆ. ದೊಡ್ಡ ಮರವಿದ್ದರೂ, ತಿರುವಿನಲ್ಲಿ ಡ್ರೈವರಿನ ನೋಟಕ್ಕೆ ಅಡ್ಡ ಬಂದರೂ ಅಷ್ಟೇ.

ಚೌಕಾಸಿಯ ಆಸೆ ಬಿಡಿ. 1972ರ ಲೋಕಲ್ ಗವರ್ನ್‌ಮೆಂಟ್ ಕಾಯ್ದೆಯ 123ನೇ ಕಲಮಿನ ಪ್ರಕಾರ ಸಿಗಬಹುದಾದ ಒಳ್ಳೆಯ ಬೆಲೆಗೇ ಕೌನ್ಸಿಲ್ ಮಾರಬೇಕು. ಸಾರ್ವಜನಿಕ ಬಯಲಾಗಿದ್ದರೆ ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ಕೊಟ್ಟು, ಬಂದ ಆಕ್ಷೇಪ ಕೇಳಬೇಕು. ಜಾಗದ ಬೆಲೆಯ ಮೇಲೆ ಅರ್ಜಿ ಶುಲ್ಕ, ಬೆಲೆ ಕಟ್ಟುವವರ ಫೀಸು, ನಿಮ್ಮ ಲಾಯರ್ ಫೀಸು, ಸಾಮಾನ್ಯವಾಗಿ ಕೌನ್ಸಿಲ್ ಲಾಯರ್ ಫೀಸೂ ನಿಮ್ಮ ತಲೆಗೇ. ಪಟ್ಟಿ ಚಿಕ್ಕದಾದರೆ ಈ ಖರ್ಚೇ ಜಾಗದ ಬೆಲೆಯನ್ನು ಮೀರಬಹುದು. ಬರೀ ಹೂಗಿಡ ಹಾಕುವುದಾದರೆ ಬಾಡಿಗೆಗೆ ಕೊಡುತ್ತಾರಾ ಕೇಳಿ ನೋಡಿ. ನನ್ನ ಪ್ರಕಾರ ಎಷ್ಟೋ ಮನೆಗಳಿಗೆ ಅದೇ ಸಾಕು.

4. ಪ್ಲಾನಿಂಗ್

ರಸ್ತೆಬದಿಯ ಹುಲ್ಲನ್ನು ಮನೆಯ ತೋಟ ಮಾಡುವುದಕ್ಕೆ ಸಾಮಾನ್ಯವಾಗಿ ಬಳಕೆ ಬದಲಾವಣೆಯ ಅನುಮತಿ ಬೇಕು. ಮಾಲೀಕರಿಗೆ ನೋಟಿಸ್ ಕೊಟ್ಟರೆ ಜಾಗ ಕೊಳ್ಳುವ ಮುಂಚೆಯೇ ಅರ್ಜಿ ಹಾಕಬಹುದು. ಅನುಮತಿ ಸಿಕ್ಕರೆ ಮಾತ್ರ ಖರೀದಿ ಎಂದು ಲಾಯರ್ ಹತ್ತಿರ ಕರಾರಿನಲ್ಲಿ ಬರೆಸಿ. ವಾಹನ ಓಡಾಡುವ ರಸ್ತೆಗೆ ತಾಗಿದ ಬೇಲಿ 1 ಮೀಟರ್ ದಾಟಿದರೆ, ಬೇರೆ ಕಡೆ 2 ಮೀಟರ್ ದಾಟಿದರೆ ಅದಕ್ಕೂ ಅನುಮತಿ ಬೇಕು.

5. ನೋಂದಣಿ

ಕೌನ್ಸಿಲ್‌ನ ನೋಂದಾಯಿತ ಜಾಗದ ಒಂದು ತುಂಡು ಕೊಳ್ಳುತ್ತಿದ್ದರೆ ವರ್ಗಾವಣೆ ಪತ್ರ ಟಿಪಿ1 ಎಂಬ ಫಾರಂನಲ್ಲಿರಬೇಕು. ಮನೆ ಸಾಲ ಇದ್ದರೆ ಬ್ಯಾಂಕಿಗೆ ಮುಂಚೆಯೇ ತಿಳಿಸಿ. ಪತ್ರದಲ್ಲಿ ಕೌನ್ಸಿಲ್ ಹಾಕಿರುವ ಷರತ್ತನ್ನು ಸಹಿಗೆ ಮುಂಚೆ ಪೂರ್ತಿ ಓದಿ. ತೋಟಕ್ಕೆ ಮಾತ್ರ, ಕಟ್ಟಡ ಕಟ್ಟುವಂತಿಲ್ಲ ಅಂತಲೋ, ಮುಂದೆ ಕಟ್ಟಿ ಬೆಲೆ ಏರಿದರೆ ಅದರಲ್ಲಿ ತಮಗೂ ಪಾಲು ಬೇಕು ಅಂತಲೋ ಅಲ್ಲಿ ಬರೆದಿರಬಹುದು.