ಬೈಬಲಿನ ವಚನದ ಅಂಕಿ ತೆಗೆದು ಓದಿದ್ದು

ಚರ್ಚಿನಲ್ಲಿ ಮಾಡುವ ಪ್ರಸಂಗದ, ಅಂದರೆ ಬೋಧನೆಯ, ತಯಾರಿ ಅಂದರೆ ಮೊದಲು ವ್ಯಾಖ್ಯಾನ ಗ್ರಂಥ ಬಿಚ್ಚುವುದು ರೂಢಿ. ನಾನು ಅದನ್ನು ಕೊನೆಗೆ ತಳ್ಳಿ, ಮೊದಲು ಬೈಬಲಿನ ಮಾತನ್ನೇ ಓದಿದೆ. ‘ಸಪ್ಪೆಯಾಗುತ್ತೆ, ಗ್ರೀಕ್ ಕಲಿಯದವರ ಕೈಲಿ ಆಗದ ಕೆಲಸ’ ಅಂದವರಿದ್ದರು. ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರಿಕೆಯ (ಪತ್ರದ) ಮೇಲೆ ಮಾಡಿ ತೋರಿಸಿದ ಮೇಲೆ ಅವರೇ ಹಾಳೆ ಕೇಳಿ ಇಸಿದುಕೊಂಡರು.

ಪತ್ರಿಕೆಯನ್ನು ಒಂದೇ ಪಟ್ಟಿಗೆ ಕೂತು ಗಟ್ಟಿಯಾಗಿ ಓದಬೇಕು. 4 ಅಧ್ಯಾಯಕ್ಕೆ ಹೆಚ್ಚೆಂದರೆ 20 ನಿಮಿಷ. ಹೀಗೆ 5–6 ದಿನ. ಆಮೇಲೆ ಬೇಕಾದ ಭಾಗವನ್ನು ಅಂಕಿ, ತಲೆಬರಹ ಬಿಟ್ಟು, ಸಾಲು ಬಿಟ್ಟು ಸಾಲು ಕೈಯಲ್ಲಿ ಬರೆದು ‘ಆದರೂ’, ‘ಆದಕಾರಣ’, ‘ಯಾಕಂದರೆ’ಗಳಿಗೆ ಸುತ್ತು ಹಾಕಬೇಕು. ಹೊಸ ಒಡಂಬಡಿಕೆಗೆ ಈಗಿನ ವಚನದ ಅಂಕಿ ಬಂದದ್ದೇ 1551ರಲ್ಲಿ. ಪೌಲನಿಗೆ ಅದರ ಗೊಡವೆ ಇರಲಿಲ್ಲ.

4:13, ಅಂದರೆ 4ನೇ ಅಧ್ಯಾಯದ 13ನೇ ವಚನ ನೋಡಿ. ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನೆಂಬ ಮಾತನ್ನು ಪರೀಕ್ಷೆಗೂ ಪಂದ್ಯಕ್ಕೂ ಅಂಟಿಸುತ್ತೇವೆ. ಅಂಕಿ ತೆಗೆದರೆ ಅದರ ಹಿಂದಿನ ಮಾತಿನಲ್ಲೇ ಹಸಿವು, ತುಂಬಿದ ಹೊಟ್ಟೆ, ಕೊರತೆ, ಸಮೃದ್ಧಿ ಇವೆ. ‘ಎಲ್ಲ’ ಅಂದರೆ ಅವೇ. ಮುಂದಿನ ಪದ ‘ಆದರೂ’. ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಕಳಿಸಿದ ಕಾಣಿಕೆ ತನಗೆ ಬೇಕಿರಲಿಲ್ಲ ಎಂಬಂತೆ ಕೇಳಿಸೀತೆಂದು ಪೌಲ ತಟ್ಟನೆ ಸರಿಪಡಿಸಿಕೊಳ್ಳುತ್ತಾನೆ. 15ರಲ್ಲಿ ಕೊಡುವ ಕೊಳ್ಳುವ ಲೆಕ್ಕ. 18ರ ಆರಂಭದ ಗ್ರೀಕ್ ಪದ ‘ಅಪೆಖೊ’, ಆ ಕಾಲದ ರಸೀದಿಗಳಲ್ಲಿ ‘ಸಂದಿದೆ’ ಎಂದು ಬರೆಯುತ್ತಿದ್ದ ಪದವೇ. ವೀರವಾಕ್ಯವೆಂದುಕೊಂಡದ್ದು ಕಾಣಿಕೆ ತಲುಪಿತೆಂಬ ಪತ್ರದ ನಡುವಿನ ಸಾಲು!

ಕೆಟ್ಟದ್ದೂ ಇದೆ. ಬೈಬಲಿನ ಅಂಚಿನಲ್ಲಿ ಕೊಟ್ಟಿರುವ ಸಂಬಂಧವಾಕ್ಯಗಳ (ಬೇರೆ ಕಡೆಯ ಇಂಥದೇ ವಾಕ್ಯಗಳ ಸೂಚನೆ) ಬೆನ್ನು ಹತ್ತಿದಾಗಲೆಲ್ಲ ಹತ್ತನೇ ವಾಕ್ಯದ ಹೊತ್ತಿಗೆ ಪೌಲ ಎಲ್ಲಿದ್ದನೆಂಬುದೇ ಮರೆತಿರುತ್ತಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಛತ್ರಕ್ಕೆ ಸೇರಿಸಿದ ಸಮಾರ್ಯದವನ ಸಾಮ್ಯದಲ್ಲಿ (ಲೂಕ 10ರ ದೃಷ್ಟಾಂತ ಕಥೆ) ‘ಕನಿಕರ’ದ ಗ್ರೀಕ್ ಬೇರು ಕರುಳು ಎಂದು ತಿಳಿದು ಅದನ್ನೇ ಎಳೆದದ್ದು ಇನ್ನೊಂದು ದಂಡ. ಬೇರು ಬೇರೆ, ಬಳಕೆ ಬೇರೆ. ಯಾವ ಪದ ಎಲ್ಲೆಲ್ಲಿ ಬರುತ್ತೆ ಎಂದು ತೋರಿಸುವ ಪದಸೂಚಿ ಹಿಡಿದಾಗ ದಾರಿ ಸಿಕ್ಕಿತು: ಲೂಕನಲ್ಲಿ ಆ ಕ್ರಿಯಾಪದ ಮೂರೇ ಕಡೆ, 7:13, 10:33, 15:20. ಮೂರರಲ್ಲೂ ಮೊದಲು ‘ನೋಡಿ’, ಆಮೇಲೆ ಕನಿಕರ. ಆ ಸಾಮ್ಯದ ಯಾಜಕನೂ ಲೇವಿಯನೂ (ದೇವಾಲಯದ ಸೇವಕರು) ನೋಡಿದರು. ಆಚೆ ಬದಿಯಿಂದ ಹೋದರು.

ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟಿನ್‌ನಂತೆ ಆ ಸಾಮ್ಯದ ಛತ್ರವನ್ನು ಸಭೆಯೆಂದೂ ಛತ್ರದವನನ್ನು ಪೌಲನೆಂದೂ ಓದಿ ನೋಡಿದೆ. ಚೆಂದ ಕಾಣುತ್ತೆ, ಆದರೆ ‘ನೆರೆಯವನು ಯಾರು’ ಎಂಬ 29ರ ಪ್ರಶ್ನೆಯನ್ನು ಯೇಸು 36ರಲ್ಲಿ ತಿರುವಿ ಹಾಕಿದ್ದು ಕಳೆದುಹೋಗುತ್ತೆ. ಹಾಗಂತ ರೂಪಕದ ಓದನ್ನೇ ಎಸೆಯುವಂತಿಲ್ಲ. ಗಲಾತ್ಯ 4:24ರಲ್ಲಿ ಪೌಲನೇ ಅದನ್ನು ಮಾಡಿದ್ದಾನೆ.

ದುಡ್ಡಿನ ವಿಷಯ: ವ್ಯಾಖ್ಯಾನ ಸಂಪುಟಗಳಿಗೆ ಸುರಿದದ್ದರಲ್ಲಿ ಮುಕ್ಕಾಲು ಪಾಲು ನಷ್ಟ, ಒಂದರದ್ದನ್ನೇ ಇನ್ನೊಂದು ಹೇಳುತ್ತೆ. ಮೊದಲು ಬೇಕಾದದ್ದು ಬೇರೆ ಬೇರೆ ಶೈಲಿಯ ಎರಡು ಭಾಷಾಂತರ, ಒಂದು ಪದಸೂಚಿ. ಗ್ರೀಕ್ ಪದ ತೋರಿಸುವ ಜಾಲತಾಣಗಳು ಪುಕ್ಕಟೆ.

ಆ ಹಾಳೆಯಿಂದ ಪ್ರಸಂಗದ ಮೊದಲ ವಾಕ್ಯ ಹೇಗೆ ಹೆಕ್ಕುತ್ತೇನೆಂಬುದು ನನ್ನ ಹತ್ತಿರವೇ ಇರಲಿ. ಫಿಲಿಪ್ಪಿ 4:10ರಿಂದ 20ರವರೆಗಿನ 11 ವಚನಕ್ಕೆ ಓದು ಬಿಟ್ಟು ಸುಮಾರು 6 ಗಂಟೆ ಹಿಡಿಯಿತು. ವ್ಯಾಖ್ಯಾನ ತೆರೆದದ್ದು ಕೊನೆಯ ಗಂಟೆಯಲ್ಲಿ, ಹಾಳೆಯ ಅಂಚಿನಲ್ಲಿ ಉಳಿದಿದ್ದ ಮೂರು ಪ್ರಶ್ನೆಗಳಿಗೆ ಮಾತ್ರ.