ಬಿಲ್ಲಿಂಗ್ ಡೇಟಾ ಕಂಪನಿಗೆ ಎಷ್ಟು ಕಾಣಬೇಕು?

ವಿಜಯನಗರದಲ್ಲಿ ನಮ್ಮದೊಂದು ದೋಸೆ ಹೋಟೆಲ್ ಇದೆ. ಒಂದು ಬ್ರಾಂಡಿನ ಫ್ರಾಂಚೈಸಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲವೂ ಕಾಣುವ ಅಡ್ಮಿನ್ ಲಾಗಿನ್ ಆ ಬ್ರಾಂಡಿನ ಕಂಪನಿಯವರ ಹತ್ತಿರವೂ ಇತ್ತು. ರಾಯಲ್ಟಿ, ಅಂದರೆ ಮಾರಾಟದಲ್ಲಿ ನಾವು ಕಂಪನಿಗೆ ಕೊಡುವ ಪಾಲಿನ ಲೆಕ್ಕವನ್ನು ಅವರೇ ಅಲ್ಲಿಂದ ತೆಗೆಯುತ್ತಿದ್ದರು. ಅದು ಯಾವಾಗಲೂ ನಮ್ಮ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿತ್ತು.

ಒಂದು ದಿನದ ಬಿಲ್‌ಗಳನ್ನು ಅವರ ಶೀಟಿನ ಪಕ್ಕ ಇಟ್ಟು ನೋಡಿದೆ. ದೋಸೆ, ಕಾಫಿ ಸೇರಿ 200 ರೂಪಾಯಿ, 5% ಜಿಎಸ್‌ಟಿ ಹಾಕಿ 210. ರಾಯಲ್ಟಿ ಹಾಕಿದ್ದು 210ರ ಮೇಲೆ! ರದ್ದಾದ ಡೆಲಿವರಿ ಆರ್ಡರ್‌ಗಳೂ ಮಾರಾಟದಲ್ಲೇ ಸೇರಿದ್ದವು. ಒಪ್ಪಂದದಲ್ಲಿ ಇದ್ದದ್ದು ತೆರಿಗೆ ಬಿಟ್ಟ ನಿವ್ವಳ ಮಾರಾಟ. ತೆರಿಗೆ ಸರ್ಕಾರಕ್ಕೆ ಹೋಗುವ ದುಡ್ಡು, ಅಲ್ವಾ?

ನನಗೆ ಹೆಚ್ಚು ಬೇಜಾರಾಗಿದ್ದು ಗಿರಾಕಿಗಳ ಫೋನ್ ನಂಬರ್ ವಿಷಯಕ್ಕೆ. ಬಿಲ್‌ಗೆಂದು ಕೊಟ್ಟ ನಂಬರ್‌ಗೆ ಕಂಪನಿಯಿಂದ ಆಫರ್ ಮೆಸೇಜ್ ಹೋಗುತ್ತಿತ್ತು. ನಂಬಿ ಕೊಟ್ಟವರಿಗೆ ಹೀಗೆ ಮಾಡಬಾರದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ, ಒಪ್ಪಿಗೆ ಪಡೆದ ಉದ್ದೇಶಕ್ಕಷ್ಟೇ ಮಾಹಿತಿ ಬಳಸಿ ಅನ್ನುತ್ತದೆ.

ಬಿಲ್‌ಗಳ ಪ್ರತಿ ಇಟ್ಟುಕೊಂಡು ಏರಿಯಾ ಮ್ಯಾನೇಜರ್ ಜೊತೆ ಕೂತು ಮಾತಾಡಿದೆ. ಅವರಿಗೆ ಬೇಕಿದ್ದದ್ದು ದಿನದ ಮಾರಾಟ, ಯಾವ ತಿಂಡಿ ಎಷ್ಟು ಹೋಯಿತು ಅನ್ನೋದು, ಅಷ್ಟೇ. ಸಾಫ್ಟ್‌ವೇರ್‌ನವರಿಗೆ ಹೇಳಿ ರಿಪೋರ್ಟ್ ಮಾತ್ರ ಕಾಣುವ ಬೇರೆ ಲಾಗಿನ್ ಮಾಡಿಸಿದೆವು. ತೆರಿಗೆ, ರದ್ದಾದ ಬಿಲ್ ಬೇರೆ ಕಾಲಂನಲ್ಲಿ. ಫೋನ್ ನಂಬರ್ ಕಾಣುವುದಿಲ್ಲ. ಇದನ್ನು ಒಪ್ಪಂದಕ್ಕೆ ಸೇರಿಸಿ ಇಬ್ಬರೂ ಸಹಿ ಹಾಕಿದೆವು. ಹೆಚ್ಚುವರಿ ಹಣ ಮುಂದಿನ ರಾಯಲ್ಟಿಯಲ್ಲಿ ವಜಾ ಆಯಿತು.

ನಿಮ್ಮ ಒಪ್ಪಂದದಲ್ಲಿ ಪೂರ್ತಿ ಡೇಟಾ ನೋಡುವ ಹಕ್ಕು ಅವರಿಗಿದ್ದರೆ, ಸುಮ್ನೆ ಪಾಸ್‌ವರ್ಡ್ ಬದಲಿಸಬೇಡಿ. ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.